ಎರಡು ದಿನ ಒಲೆಗೂ ರಜೆ ಕೊಡಿ

ಸಹೋದರಿ, ನೀವು ನೆಮ್ಮದಿಯಾಗಿ ಕಿಟಕಿಯ ಪಕ್ಕ ಕುಳಿತು ಎಷ್ಟು ದಿನವಾಯಿತು? ಭಾನುವಾರ ಗಂಡನಿಗೆ ರಜೆ, ಮಕ್ಕಳಿಗೆ ರಜೆ. ನಿಮಗೆ ಮಾತ್ರ ಅಂದು ದುಪ್ಪಟ್ಟು ಕೆಲಸ.

“ನೀವೆಲ್ಲ ಹೋಗಿ ಬನ್ನಿ, ಮನೆ ನಾನು ನೋಡಿಕೊಳ್ಳುತ್ತೇನೆ.” ನಮ್ಮ ಅತ್ತೆ ವರ್ಷಗಟ್ಟಲೆ ಹೇಳುತ್ತಾ ಬಂದ ಮಾತಿದು. ಅವರಿಗೆ ತಿರುಗಾಟ ಇಷ್ಟವಿಲ್ಲವೆಂದೇ ನಾವು ತಿಳಿದಿದ್ದೆವು. ಒಮ್ಮೆ ಒತ್ತಾಯ ಮಾಡಿ, ಮಂಡಿನೋವಿಗೆ ಬಸ್ಸಿಗಿಂತ ರೈಲೇ ವಾಸಿಯೆಂದು ಬೆಂಗಳೂರಿನಿಂದ ಮೈಸೂರಿಗೆ ಕರೆದೊಯ್ದೆವು. ರಾಮನಗರದ ಬಂಡೆಗಳು ಕಂಡಾಗ ಅವರು ಮಗುವಿನಂತೆ ಕಿಟಕಿಗೆ ಮುಖವಿಟ್ಟರು. ಮದ್ದೂರು ವಡೆ ಕೈಗೆ ಬಂದಾಗ, “ಇವತ್ತು ಯಾರೋ ಮಾಡಿದ್ದನ್ನು ನಾನು ತಿನ್ನುತ್ತಿದ್ದೇನೆ” ಎಂದು ನಕ್ಕರು. ಆ ನಗು ನಮ್ಮನ್ನು ನಾಚಿಸಿತು.

ದೂರ ಸುಮಾರು 138 ಕಿಲೋಮೀಟರ್. ಶನಿವಾರ ಹೊರಟು ಮೈಸೂರಿನಲ್ಲಿ ತಂಗಿರಿ. ಮಕ್ಕಳಿಗೆ ನಿಲ್ದಾಣದ ಸಮೀಪವೇ 1979ರಲ್ಲಿ ಆರಂಭವಾದ ರೈಲ್ವೆ ಮ್ಯೂಸಿಯಂ ಇದೆ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಶ್ರೀರಂಗಪಟ್ಟಣಕ್ಕೆ ಹೋಗಿ. 1784ರಲ್ಲಿ ಕಟ್ಟಿದ ದರಿಯಾ ದೌಲತ್‌ನ ಗೋಡೆಗಳ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಗುಂಬಜ್‌ನಲ್ಲಿ ಹೈದರಲಿ ಮತ್ತು ಫಕ್ರುನ್ನಿಸಾರ ಪಕ್ಕದಲ್ಲೇ 1799ರಲ್ಲಿ ಹುತಾತ್ಮರಾದ ಮಗ ಟಿಪ್ಪು ಸುಲ್ತಾನರ ಸಮಾಧಿಯಿದೆ. ರೈಲು ಹಳಿಯ ಬಳಿಯ ಟಿಪ್ಪು ಕಾಲದ ಮದ್ದಿನ ಮನೆಯನ್ನೂ ಮಕ್ಕಳಿಗೆ ತೋರಿಸಿ. ಜೋಡಿ ಹಳಿ ಹಾಕಲು ಅಡ್ಡವಾಗಿದ್ದ ಅದನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಎತ್ತಿ ಸರಿಸಿದರು!

ಭಾನುವಾರ ಸಂಜೆ ಮೈಸೂರು ಅರಮನೆಗೆ ದೀಪಾಲಂಕಾರವಿರುತ್ತದೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ, 1912ರ ಹೊತ್ತಿಗೆ ಪೂರ್ಣಗೊಂಡ ಕಟ್ಟಡವಿದು. ದೀಪ ನೋಡಿ ರಾತ್ರಿಯ ರೈಲು ಹಿಡಿಯಬಹುದು.

ಒಂದೆರಡು ಕಿವಿಮಾತು. ಟಿಕೆಟನ್ನು ಮೊದಲೇ ಕಾದಿರಿಸಿ, ವಾರಾಂತ್ಯದಲ್ಲಿ ನೂಕುನುಗ್ಗಲು ಹೆಚ್ಚು. ಹಿರಿಯರಿದ್ದರೆ ದಿನಕ್ಕೆ ಎರಡು ಮೂರು ಸ್ಥಳ ಸಾಕು. ಹಿಂದಿನ ರಾತ್ರಿ ಹತ್ತು ಬಗೆಯ ತಿಂಡಿ ಕರಿದು ಕಟ್ಟಿಕೊಳ್ಳಬೇಡಿ, ಅಡುಗೆಮನೆಯನ್ನೇ ಹೊತ್ತೊಯ್ದಂತಾದೀತು. ಮರಳಿದ ದಿನ ಅನ್ನ, ಸಾರು ಸಾಕೆಂದು ಮನೆಯವರಿಗೆ ಮೊದಲೇ ಹೇಳಿಬಿಡಿ.

ನಿಮ್ಮ ಮನೆಯಲ್ಲೂ “ನೀವು ಹೋಗಿ ಬನ್ನಿ” ಎನ್ನುವವರೊಬ್ಬರು ಇರಬಹುದು. ಮುಂದಿನ ಸಲ ಮೊದಲ ಟಿಕೆಟ್ ಅವರ ಹೆಸರಿಗೇ ತೆಗೆಯಿರಿ. ಅವರು ನೀವೇ ಆಗಿದ್ದರೆ, ಈ ಪುಟವನ್ನು ಮನೆಯವರ ಕೈಗೆ ಕೊಡಿ.