ಎರಡು ರಾತ್ರಿ ಮೈಸೂರು, ಮೂರು ರಾತ್ರಿ ಕೊಡಗು: ಬಳಗ ಕೂಡುವ ಪ್ರವಾಸದ ಲೆಕ್ಕ

ಕಳೆದ ಚಳಿಗಾಲದಲ್ಲಿ ನಮ್ಮ ಬಳಗದ ಹದಿನೆಂಟು ಮಂದಿ ಐದು ರಾತ್ರಿ ಒಟ್ಟಿಗೆ ಇದ್ದೆವು. ಬೆಳಗಾವಿಯಿಂದ ದೊಡ್ಡಮ್ಮ, ಪುಣೆಯಿಂದ ಭಾವನ ಸಂಸಾರ, ಬೆಂಗಳೂರಿನಿಂದ ನಾವು, ಅಮೆರಿಕದಿಂದ ತಂಗಿ ಮತ್ತು ಅವಳ ಇಬ್ಬರು ಮಕ್ಕಳು. ಎಲ್ಲರಿಗಿಂತ ಹಿರಿಯರಿಗೆ 81, ಕಿರಿಯ ಮಗುವಿಗೆ ಎರಡೂವರೆ. ಮದುವೆಯಲ್ಲೋ ತಿಥಿಯಲ್ಲೋ ನಾವು ಸೇರುತ್ತಲೇ ಇದ್ದೆವು. ಆದರೆ ಅಲ್ಲಿ ಬಡಿಸುವವರಿಗೆ ಪುರುಸೊತ್ತಿಲ್ಲ, ಉಂಡವರಿಗೆ ಬಸ್ಸಿನ ಅವಸರ. ಕೂತು ಮಾತಾಡಲಿಕ್ಕೆಂದೇ ಹೊರಟ ಈ ಪ್ರವಾಸದಲ್ಲಿ ಕಲಿತದ್ದು ಬೇರೆಯವರಿಗೂ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ಮೊದಲು ಊರುಗಳ ಸರದಿ. ಪೇಟೆ ಮೊದಲು, ಹಳ್ಳಿ ಕೊನೆಗೆ. ಬಂದವರಲ್ಲಿ ಅರ್ಧ ಜನರಿಗೆ ಮೊದಲ ದಿನ ಸಂಕೋಚ ಇರುತ್ತದೆ, ಮಕ್ಕಳಂತೂ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಆಗ ಕಣ್ಣಿಗೆ ಕಾಣುವಂಥದ್ದು ಏನಾದರೂ ಎದುರಿಗಿದ್ದರೆ ಮಾತು ತಾನಾಗಿ ಹುಟ್ಟುತ್ತದೆ. ಸಲಿಗೆ ಬೆಳೆದ ಮೇಲೆ ತೋಟದ ಮನೆಯ ಜಗಲಿಗೆ ಹೋದರೆ ಯಾರಿಗೂ ಏನೂ ತೋರಿಸಬೇಕಾಗಿಲ್ಲ. ತಿರುಗಾಡಿ ದಣಿದ ಕಾಲಿಗೂ ಇದೇ ಸರದಿ ಹಿತ.

ಮೈಸೂರಿಗೆ ಶನಿವಾರ ಮಧ್ಯಾಹ್ನದೊಳಗೆ ಎಲ್ಲರೂ ಸೇರುವಂತೆ ನೋಡಿಕೊಳ್ಳಿ. ಕಾರಣವಿದೆ. ಅರಮನೆಗೆ ದೀಪ ಹಚ್ಚುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ, 7 ಗಂಟೆಯ ಸುಮಾರಿಗೆ. ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೇ ಹೊತ್ತಿಕೊಳ್ಳುವ ಆ ಗಳಿಗೆಯಲ್ಲಿ 81 ವರ್ಷದ ದೊಡ್ಡಮ್ಮನೂ ಎರಡೂವರೆ ವರ್ಷದ ಮಗುವೂ ಒಂದೇ ಉಸಿರಿನಲ್ಲಿ ‘ಓ’ ಎಂದರು. ಆದರೆ ಅರಮನೆಯ ಒಳಗೆ ಹೋಗುವುದನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ, ನೂಕುನುಗ್ಗಲು. ಸೋಮವಾರ ಬೆಳಗ್ಗೆ 10ಕ್ಕೆ ಬಾಗಿಲು ತೆರೆಯುವಾಗಲೇ ಒಳಗೆ ಹೋದರೆ ಎರಡು ಗಂಟೆಯಲ್ಲಿ ನೆಮ್ಮದಿಯಾಗಿ ನೋಡಬಹುದು. ಚಪ್ಪಲಿ ಹೊರಗೇ ಬಿಡಬೇಕು. ಬಿಸಿಲೇರಿದ ಮೇಲೆ ಕಲ್ಲುನೆಲ ಸುಡುತ್ತದೆ, ಅದಕ್ಕೂ ಬೆಳಗ್ಗೆಯೇ ಲೇಸು. ಮಕ್ಕಳಿಗೆ ಹೇಳಲು ಒಂದು ಕಥೆಯೂ ಇದೆ: ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲೇ ಸುಟ್ಟುಹೋಯಿತು, ಈಗಿನದು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1912ರಲ್ಲಿ ಮುಗಿಯಿತು.

ಶನಿವಾರ ಸಂಜೆ ದೇವರಾಜ ಮಾರುಕಟ್ಟೆಯ ಹೂವು, ವೀಳ್ಯದೆಲೆಯ ಸಾಲು ಸಾಕು. ಭಾನುವಾರ ಬೆಳಗ್ಗೆ ಎಂಟರೊಳಗೆ ಚಾಮುಂಡಿ ಬೆಟ್ಟದ ಮೇಲಿರಿ. ಸಾವಿರ ಮೆಟ್ಟಿಲು ಹತ್ತುವ ಹುಮ್ಮಸ್ಸು ಇರುವ ಹುಡುಗರು ಹತ್ತಲಿ, ಉಳಿದವರು ಗಾಡಿಯಲ್ಲಿ ಹೋಗಲಿ. ಮೃಗಾಲಯ ನೋಡುವ ಆಸೆಯಿದ್ದರೆ ನೆನಪಿಡಿ, ಅದಕ್ಕೆ ಮಂಗಳವಾರ ರಜೆ. ನಡೆಯಲಾಗದವರಿಗೆ ಬ್ಯಾಟರಿ ಗಾಡಿ ಸಿಗುತ್ತದೆ. ದಿನಕ್ಕೆ ಎರಡು ಜಾಗ, ನಡುವೆ ಊಟ ಮತ್ತು ಒಂದು ಗಂಟೆ ನಿದ್ದೆ. ಮೂರನೆಯದನ್ನು ತುರುಕಿದರೆ ಸಂಜೆ ಸಿಡುಕು ಗ್ಯಾರಂಟಿ.

ಸೋಮವಾರ ಊಟ ಮಾಡಿ ಹುಣಸೂರು ದಾರಿಯಲ್ಲಿ ಹೊರಟರೆ ಮಡಿಕೇರಿಗೆ ಸುಮಾರು 120 ಕಿ.ಮೀ. ಕೊಡಗಿನಲ್ಲಿ ರೈಲು ಇಲ್ಲ, ಹಾಗಾಗಿ ಗಾಡಿಯೇ ಗತಿ. ಕುಶಾಲನಗರ ದಾಟಿದ ಮೇಲೆ ತಿರುವುಗಳು. ವಾಂತಿಯಾಗುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠವನ್ನು ಮರಳುವ ದಿನಕ್ಕೆ ಬಿಡಿ. ಕತ್ತಲಾಗುವ ಮುಂಚೆ ಹೋಂಸ್ಟೇ ಮುಟ್ಟುವುದು ಮುಖ್ಯ.

ಯಾಕೆಂದರೆ ನಾವು ಎಡವಿದ್ದು ಅಲ್ಲೇ. ಟಾರು ರಸ್ತೆ ಮುಗಿದ ಕಡೆ ನಮ್ಮ ಟೆಂಪೊ ಟ್ರಾವೆಲರ್ ನಿಂತುಬಿಟ್ಟಿತು. ಮುಂದೆ ತೋಟದ ಏರುದಾರಿ, ಜೀಪಿಗೆ ಮಾತ್ರ. ಇರುವ ಒಂದು ಜೀಪು ನಾಲ್ಕು ಸಲ ಓಡಾಡುವಷ್ಟರಲ್ಲಿ ದೊಡ್ಡಮ್ಮ ಮುಕ್ಕಾಲು ಗಂಟೆ ಚಳಿಯಲ್ಲಿ ಕೂತಿದ್ದರು. ಆದ್ದರಿಂದ ಮುಂಗಡ ಕೊಡುವ ಮೊದಲು ಫೋನಿನಲ್ಲಿ ಕೇಳಿ: ಗಾಡಿ ಮನೆ ಬಾಗಿಲಿಗೆ ಬರುತ್ತದೆಯೇ? ಬಚ್ಚಲುಮನೆ ಎಷ್ಟು? ಹದಿನೆಂಟು ಜನಕ್ಕೆ ಕೋಣೆ ಆರಿದ್ದರೆ ಸಾಲುತ್ತದೆ, ಆದರೆ ಬಚ್ಚಲು ಎರಡೇ ಆದರೆ ಬೆಳಗಿನ ಮೂರು ಗಂಟೆ ಕಾಯುವುದರಲ್ಲೇ ಹೋಗುತ್ತದೆ. ಮೊಣಕಾಲು ನೋವಿನವರಿಗೆ ವೆಸ್ಟರ್ನ್ ಕಮೋಡ್ ಇದೆಯೇ? ನೆಲಮಟ್ಟದಲ್ಲಿ ಎರಡು ಕೋಣೆಯಾದರೂ ಉಂಟೇ? ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ? ಊಟದ ವಿಷಯವನ್ನೂ ಬಾಯಿಬಿಟ್ಟು ಹೇಳಿ. ತೋಟದ ಮನೆಯಲ್ಲಿ ತಲೆ ಎಣಿಸಿ ಅಡುಗೆ ಮಾಡುತ್ತಾರೆ. ಸಸ್ಯಾಹಾರಿಗಳು ಎಷ್ಟು, ಪಂದಿ ಕರಿ ತಿನ್ನುವವರು ಎಷ್ಟು ಎಂದು ಮೊದಲೇ ತಿಳಿದರೆ ಅವರೂ ಪಾತ್ರೆ ಬೇರೆ ಇಡುತ್ತಾರೆ. ಕಡಂಬುಟ್ಟು, ಅಕ್ಕಿ ಒಟ್ಟಿ ಮಾತ್ರ ಎಲ್ಲರಿಗೂ ಒಗ್ಗುತ್ತವೆ.

ಕೊಡಗಿನ ಮೂರು ದಿನಗಳಲ್ಲಿ ಒಂದು ದಿನ ಮಾತ್ರ ಹೊರಗೆ ಹೋಗಿ. ದುಬಾರೆಯ ಆನೆ ಶಿಬಿರ ಇರಬಹುದು, ಭಾಗಮಂಡಲದಿಂದ 8 ಕಿ.ಮೀ. ದೂರದ ತಲಕಾವೇರಿ ಇರಬಹುದು, ಎರಡರಲ್ಲಿ ಒಂದು. ಮಿಕ್ಕ ದಿನ ಏನೂ ಇಟ್ಟುಕೊಳ್ಳಬೇಡಿ. ನವೆಂಬರ್‌ನಿಂದ ಜನವರಿಯವರೆಗೆ ಅರೇಬಿಕಾ ಕಾಫಿಯ ಕೊಯ್ಲು. ಅಂಗಳದಲ್ಲಿ ಹರವಿದ ಹಣ್ಣು ನೋಡುತ್ತ ದೊಡ್ಡಮ್ಮ ತಮ್ಮ ತವರಿನ ಕಥೆ ಶುರುಮಾಡಿದರು. ನಮ್ಮಜ್ಜಿ ಸೊಸೆಯಾಗಿ ಬಂದ ದಿನ ನಡೆದದ್ದು ನನಗೆ ಗೊತ್ತಾದದ್ದು ಅವತ್ತು, ಐವತ್ತೆರಡನೆಯ ವಯಸ್ಸಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಜಿಗಣೆ, ವಯಸ್ಸಾದವರಿದ್ದರೆ ಬೇಡ. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಕೋಣೆ ಸಿಗುವುದು ಕಷ್ಟ.

ಗಾಡಿ ಗೊತ್ತುಮಾಡುವಾಗ ಹಳದಿ ಬೋರ್ಡಿನದೇ ಇರಲಿ. ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಲೆಕ್ಕ, ಚಾಲಕರ ಬಾಟಾ ಎಷ್ಟು, ಟೋಲ್ ಯಾರದು ಎಂಬುದನ್ನು ಬರೆಸಿಕೊಳ್ಳಿ. ಗಾಡಿ ಇಡೀ ದಿನ ತೋಟದಲ್ಲಿ ನಿಂತಿದ್ದರೂ ಆ ಕನಿಷ್ಠ ಲೆಕ್ಕ ಕೊಡಬೇಕಾಗುತ್ತದೆ. ಹಾಗಾಗಿ ಬಿಟ್ಟುಹೋಗಿ ಮತ್ತೆ ಬಂದು ಕರೆದೊಯ್ಯುವ ದರವನ್ನೂ ಕೇಳಿ ನೋಡಿ.

ವಿದೇಶಿ ಪಾಸ್‌ಪೋರ್ಟ್ ಇರುವ ನೆಂಟರಿದ್ದರೆ ಉಳಿಯುವ ಕಡೆಯವರಿಗೆ ಮುಂಚೆಯೇ ತಿಳಿಸಿ. ಅವರು 24 ಗಂಟೆಯೊಳಗೆ ಆ ನೆಂಟರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಹಲವು ಸಣ್ಣ ಹೋಂಸ್ಟೇಗಳಿಗೆ ಇದರ ರೂಢಿ ಇರುವುದಿಲ್ಲ.

ಇನ್ನು ದುಡ್ಡು. ಲೆಕ್ಕ ಒಬ್ಬರ ಕೈಯಲ್ಲಿರಲಿ, ಅವರ ಮಾತನ್ನು ಯಾರೂ ಪ್ರಶ್ನಿಸಬಾರದು. ನಾವು ತಲೆಲೆಕ್ಕ ಹಾಕಲಿಲ್ಲ. ದುಡಿಯುವವರು ಹಂಚಿಕೊಂಡೆವು, ಹಿರಿಯರದೂ ಓದುವ ಮಕ್ಕಳದೂ ಅದರಲ್ಲೇ ಸೇರಿತು. ಪಿಂಚಣಿಯಲ್ಲಿ ಬದುಕುವ ಚಿಕ್ಕಪ್ಪನಿಗೆ ಎಲ್ಲರೆದುರು ‘ಇಷ್ಟು ಕೊಡಿ’ ಎನ್ನುವುದು ತಪ್ಪು. ಮೊತ್ತವನ್ನು ಎರಡು ತಿಂಗಳು ಮುಂಚೆ ಒಬ್ಬೊಬ್ಬರಿಗೇ ಫೋನು ಮಾಡಿ ತಿಳಿಸಿ.

ರೈಲಿನಲ್ಲಿ ಬರುವವರಿಗೆ ಒಂದು ಮಾತು. ಒಂದು ಟಿಕೆಟಿನಲ್ಲಿ ಆರು ಜನರ ಹೆಸರು ಹಾಕಬಹುದು, ಆದರೆ ಹಿರಿಯರನ್ನು ಅದರಲ್ಲಿ ಸೇರಿಸಬೇಡಿ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಒಬ್ಬರೇ ಅಥವಾ ಇಬ್ಬರೇ ಇರುವ ಟಿಕೆಟಿಗೆ ಮಾತ್ರ ಕೆಳಗಿನ ಬರ್ತಿನ ಕೋಟಾ ಅನ್ವಯಿಸುತ್ತದೆ. ಅಪ್ಪ ಅಮ್ಮನ ಟಿಕೆಟ್ ಬೇರೆಯೇ ಮಾಡಿಸಿ. ಮುಂಗಡ ಟಿಕೆಟ್ ತೆರೆಯುವುದು 60 ದಿನ ಮುಂಚೆ. ಜನವರಿಯಲ್ಲಿ ಹೊರಡುವ ಮನಸ್ಸಿದ್ದರೆ ಅಕ್ಟೋಬರ್ ಮುಗಿಯುವುದರೊಳಗೆ ತಾರೀಕು ಗೊತ್ತುಮಾಡಿ, ಮನೆಯ ಹಿರಿಯರಿಗೆ ಮೊದಲು ಹೇಳಿ.