ಮುದಿ ಕೋಳಿಯ ತತ್ತಿಗೆ ತೆಳು ಚಿಪ್ಪೇಕೆ?

ಒಂದೂವರೆ ವರ್ಷ ದಾಟಿದ ಹೇಂಟೆಯ ತತ್ತಿ ದೊಡ್ಡದೇನೋ ಹೌದು. ಆದರೆ ಜತ್ತದ ಸಂತೆಗೆ ಒಯ್ಯುವಷ್ಟರಲ್ಲಿ ಬುಟ್ಟಿಯೊಳಗೇ ಬಿರುಕು ಬಿಡುತ್ತದೆ. ಕೋಳಿಗೆ ಬಲ ಸಾಲದೆಂದು ತಿಳಿದು ಇನ್ನೆರಡು ಹಿಡಿ ಗೋವಿನಜೋಳ ಚೆಲ್ಲುವವರುಂಟು. ಇದರಿಂದ ಹಾನಿಯೇ ಹೆಚ್ಚು.

ವಯಸ್ಸಾದಂತೆ ತತ್ತಿ ದೊಡ್ಡದಾಗುತ್ತದೆ, ಚಿಪ್ಪಿಗೆ ಒದಗುವ ಸುಣ್ಣದಂಶ ಮಾತ್ರ ಅಷ್ಟೇ. ಅದೇ ಹಿಟ್ಟಿನಲ್ಲಿ ದೊಡ್ಡ ರೊಟ್ಟಿ ಬಡಿದರೆ ತೆಳ್ಳಗಾಗುವುದಿಲ್ಲವೆ? ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮುದಿ ಕೋಳಿಯ ಕರುಳು ಅದನ್ನು ಹೀರಿಕೊಳ್ಳುವುದೂ ಕಡಮೆ.

ಇನ್ನು ಕಾಳಿನ ಮಾತು. ತನಗೆ ಬೇಕಾದಷ್ಟು ಶಕ್ತಿ ದೊರೆತೊಡನೆ ಕೋಳಿ ತಿನ್ನುವುದನ್ನು ನಿಲ್ಲಿಸುತ್ತದೆ. ಜೋಳದಿಂದಲೇ ಹೊಟ್ಟೆ ತುಂಬಿದರೆ ಹಿಂಡಿ, ಸುಣ್ಣ ಬೆರೆಸಿದ ಮೇವು ಹಾಗೆಯೇ ಉಳಿಯುತ್ತದೆ. ಮಿಕ್ಕ ಶಕ್ತಿ ಕೊಬ್ಬಾಗಿ ಪಿತ್ತಜನಕಾಂಗದಲ್ಲಿ ಕೂಡುತ್ತದೆ. ತತ್ತಿಯ ಸಂಖ್ಯೆಯೂ ಇಳಿಯುತ್ತದೆ.

ಆದುದರಿಂದ ಕಾಳನ್ನು ತುಸು ತಗ್ಗಿಸಿ ಗೋಧಿಯ ಬೂಸಾ ಬೆರೆಸಿರಿ. ಅದರ ನಾರು ಹೊಟ್ಟೆ ತುಂಬಿಸುತ್ತದೆ, ಕೊಬ್ಬು ಏರಿಸುವುದಿಲ್ಲ. ಹಾಗೆಂದು ಬೂಸಾವನ್ನೇ ಸುರಿಯಲೂಬಾರದು; ಅದರಲ್ಲಿಯ ಫೈಟೇಟ್ ಎಂಬ ಅಂಶ ಸುಣ್ಣವನ್ನು ಕಟ್ಟಿಹಾಕುತ್ತದೆ.

ಚಿಪ್ಪು ಕಟ್ಟುವ ಕೆಲಸ ಬಹುಮಟ್ಟಿಗೆ ರಾತ್ರಿಯದು. ಸಂಜೆ ಗೂಡಿಗೆ ಸೇರಿಸುವ ಮುನ್ನ, ಜೋಳದ ಕಾಳಿನಷ್ಟು ದಪ್ಪಗೆ ಕುಟ್ಟಿದ ಕಪ್ಪೆಚಿಪ್ಪನ್ನಾಗಲಿ ಸುಡದ ಸುಣ್ಣದ ಕಲ್ಲನ್ನಾಗಲಿ ಬೇರೆ ಬೋಗುಣಿಯಲ್ಲಿಡಿರಿ. ನುಣ್ಣನೆಯ ಪುಡಿ ಬೇಗ ಹೊರಟುಹೋಗುತ್ತದೆ. ನುಚ್ಚು ಹೊಟ್ಟೆಯಲ್ಲಿ ನಿಂತು ರಾತ್ರಿಯೆಲ್ಲ ಕರಗುತ್ತಿರುತ್ತದೆ. ಎಲೆಗೆ ಹಚ್ಚುವ ಸುಣ್ಣ ಮಾತ್ರ ಬೇಡ, ಬಾಯಿ ಸುಟ್ಟೀತು.

ಒಳಗಿನ ಬಿಳಿಯ ಲೋಳೆ ನೀರಾಗುವುದು ವಯಸ್ಸಿನ ಗುಣ. ಅದನ್ನು ಮೇವು ಹೆಚ್ಚಾಗಿ ತಿದ್ದಲಾರದು.