ಬಾವಲಿಯ ಜಾರು

1938. ಹಾರ್ವರ್ಡಿನ ಭೌತವಿಜ್ಞಾನ ಪ್ರಯೋಗಾಲಯಕ್ಕೆ ಡೊನಾಲ್ಡ್ ಗ್ರಿಫಿನ್ ಎಂಬ ಯುವಕ ಬಾವಲಿಗಳ ಪಂಜರ ಹೊತ್ತು ಬಂದಿದ್ದಾನೆ. ಪಂಜರದಿಂದ ಸದ್ದಿಲ್ಲ. ಪ್ರೊಫೆಸರ್ ಪಿಯರ್ಸ್ ಕಟ್ಟಿದ ಯಂತ್ರದ ಮುಂದೆ ಅದನ್ನು ಹಿಡಿದದ್ದೇ ತಡ, ಕಾದ ಬಾಣಲೆಗೆ ಸಾಸಿವೆ ಬಿದ್ದ ಹಾಗೆ ಸ್ಪೀಕರಿನಲ್ಲಿ ಚಟಪಟ! ಮೌನಿ ಎಂದುಕೊಂಡಿದ್ದ ಪ್ರಾಣಿ ನಮ್ಮ ಕಿವಿಗೆ ನಿಲುಕದ ಸ್ಥಾಯಿಯಲ್ಲಿ ಕಿರುಚುತ್ತಿತ್ತು.

ಆಮೇಲೆ ಗೆಳೆಯ ರಾಬರ್ಟ್ ಗ್ಯಾಲಂಬೋಸ್ ಜೊತೆಯಾದ. ಕೋಣೆಗೆ ಅಡ್ಡಲಾಗಿ ತಂತಿಗಳನ್ನು ಇಳಿಬಿಟ್ಟರು. ಕಣ್ಣು ಮುಚ್ಚಿದರೂ ಬಾವಲಿ ಸಲೀಸಾಗಿ ನುಸುಳಿತು. ಕಿವಿ ಮುಚ್ಚಿದರೆ ಡಿಕ್ಕಿ. ಬಾಯಿಗೆ ದಾರ ಬಿಗಿದರೂ ಡಿಕ್ಕಿ. ಕನ್ನಡದಲ್ಲಿ ಬಾವಲಿಗೆ ಕಣ್ಣುಕಪ್ಪಡಿ ಅಂತಲೂ ಹೆಸರು: ಹೆಸರಲ್ಲಿ ಕಣ್ಣು, ಕಸುಬೆಲ್ಲ ಕಿವಿಯದು! ಪ್ರಯೋಗದಲ್ಲಿ ಕಂಡದ್ದನ್ನು ಸಭೆಯೊಂದರಲ್ಲಿ ಹೇಳಿದಾಗ ಹಿರಿಯ ವಿಜ್ಞಾನಿಯೊಬ್ಬರು ಗ್ಯಾಲಂಬೋಸನ ಭುಜ ಹಿಡಿದು ಅಲುಗಾಡಿಸಿಬಿಟ್ಟರಂತೆ. ರೇಡಾರ್, ಸೋನಾರ್ ಎರಡೂ ಆಗ ಸೇನೆಯ ಗುಟ್ಟು. ಮಾರ್ದನಿಯಿಂದ ದಾರಿ ಕಾಣುವ ಆ ವಿದ್ಯೆ ಬಾವಲಿಗೆ ಗೊತ್ತೆಂದರೆ ಯಾರು ಸಹಿಸುತ್ತಾರೆ?

ಈ ವಿದ್ಯೆಯಲ್ಲೊಂದು ತೊಡಕುಂಟು. ಕೂಗು ಚುಟುಕಾಗಿದ್ದರೆ ಅಕ್ಕಪಕ್ಕದ ಎರಡು ವಸ್ತುಗಳ ಮಾರ್ದನಿ ಬೇರೆಬೇರೆಯಾಗಿ ಬರುತ್ತದೆ, ಆದರೆ ದೂರಕ್ಕೆ ಕಸುವು ಸಾಲದು. ಉದ್ದಕ್ಕೆ ಎಳೆದರೆ ಕಸುವುಂಟು, ಮಾರ್ದನಿಗಳು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ಅಮೆರಿಕದ ದೊಡ್ಡ ಕಂದು ಬಾವಲಿ ಕೂಗನ್ನು ಮೇಲಿನಿಂದ ಕೆಳಕ್ಕೆ ಜಾರಿಸುತ್ತದೆ, ನಮ್ಮ ಸಂಗೀತಗಾರರ ಜಾರು ಗಮಕದಂತೆ. ಮಾರ್ದನಿಯ ಯಾವ ತುಣುಕು ಕೂಗಿನ ಯಾವ ಗಳಿಗೆಯದು ಎಂದು ಸ್ವರವೇ ಹೇಳುತ್ತದೆ. ರೇಡಾರಿನವರು ಇಂಥ ಉದ್ದನೆಯ ಮಾರ್ದನಿಯನ್ನು ಮಡಿಸಿ ಒಂದೇ ಚೂಪು ಮೊನೆ ಮಾಡುತ್ತಾರೆ. ಅವರ ಬಾಯಲ್ಲಿ ಈ ಜಾರುವ ಕೂಗು ‘ಚರ್ಪ್’. ಬೆಲ್ ಲ್ಯಾಬ್ಸ್‌ನವರು 1960ರಲ್ಲಿ ಇದರ ಪೂರ್ತಿ ಲೆಕ್ಕವನ್ನು ಪ್ರಕಟಿಸಿದರು. ಬಾವಲಿಯನ್ನು ನೋಡಿ ಕಲಿತರು ಎಂಬ ಮಾತು ಕೇಳಲು ಚೆಂದ, ನಾನಂತೂ ನಂಬುವುದಿಲ್ಲ. ಇಬ್ಬರೂ ತಂತಮ್ಮ ದಾರಿಯಲ್ಲಿ ಅಲ್ಲಿಗೆ ಮುಟ್ಟಿದವರು. ನಿಜವಾಗಿ ಬಾವಲಿಯನ್ನು ಮುಂದಿಟ್ಟುಕೊಂಡು ಬರೆದವರು ಕೆನಡಾದ ಸೈಮನ್ ಹೇಕಿನ್: ಕೇಳಿದ್ದನ್ನು ನೋಡಿಕೊಂಡು ಮುಂದಿನ ಕೂಗನ್ನು ಬದಲಿಸುವ ರೇಡಾರ್ ಬೇಕೆಂದು 2006ರಲ್ಲಿ ವಾದಿಸಿದರು.

ಬಾವಲಿ ಕೂಗನ್ನು ಬದಲಿಸುವುದು ಹೇಗೆಂದು ಅದರ ಬೇಟೆಯಲ್ಲಿ ಕಾಣಬೇಕು. ಅಲೆಯುವಾಗ ಸೆಕೆಂಡಿಗೆ ಹತ್ತರ ಆಸುಪಾಸು ಕೂಗು. ಒಂದು ಮೀಟರ್ ಆಚೆಯ ಪತಂಗದ ಮಾರ್ದನಿ ಬರಲು ಸುಮಾರು 6 ಮಿಲಿಸೆಕೆಂಡು. ಹತ್ತಿರವಾದಂತೆ ಕೂಗು ಚುಟುಕಾಗುತ್ತದೆ, ದಟ್ಟವಾಗುತ್ತದೆ, ಕೊನೆಗೆ ಸೆಕೆಂಡಿಗೆ 150 ದಾಟಿ ಒಂದೇ ಝೇಂಕಾರ. ಎದುರಿಗಿರುವುದು ಬರ್ತೋಲ್ಡಿಯಾ ಪತಂಗವಾದರೆ ಅದೂ ಸುಮ್ಮನಿರದು. ಎದೆಯ ಪಕ್ಕದ ಪೊರೆಗಳಿಂದ ಸೆಕೆಂಡಿಗೆ ಸಾವಿರಾರು ಟಿಕ್‌ಟಿಕ್ ಸುರಿಸಿ ಮಾರ್ದನಿಯನ್ನೇ ಕೆಡಿಸುತ್ತದೆ. ಬಾವಲಿ ಸ್ವಲ್ಪದರಲ್ಲಿ ಗುರಿ ತಪ್ಪಿ, ಬರಿಬಾಯಲ್ಲಿ ತಿರುಗಿ, ಮತ್ತೆ ಹತ್ತರ ಲಯಕ್ಕೆ ಇಳಿಯುತ್ತದೆ.